ಬ್ರಿಟನಿಯ ಖಾಲಿ ಸ್ಲೈಡುಗಳು

ವಾಸುದೇವ, ಮೈಥಿಲಿ ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ ಹೊಸ ಮನೆ ಕೊಂಡಿದ್ದರು. ಬೆಳಿಗ್ಗೆ ಗೃಹಪ್ರವೇಶದ ಪೂಜೆ. ಅದಕ್ಕೆ ನನ್ನನ್ನು ಕರೆದಿರಲಿಲ್ಲ. ಸಂಜೆ ಸ್ಲೈಡ್ ಶೋ, ಊಟ. ಅದಕ್ಕೆ ಕರೆದಿದ್ದರು.

"ಪೂಜೆಗೀಜೆ ಎಲ್ಲ ನಿನಗೆ ಸುಮ್ನೆ ಸ್ಟ್ರೇನು ಕಣೆ. ಸಂಜೆ ಆರಾಮಾಗಿ ಬಾ," ಎಂದು ಮೈಥಿಲಿ ಫೋನಿನಲ್ಲಿ ಹೇಳಿದ್ದಳು.

ನನ್ನ ಗಂಡ ತಿರುಮಲೇಶ ಫ್ರೀವೇಯ ಅಪಘಾತದಲ್ಲಿ ತೀರಿಕೊಂಡು ಏಳು ತಿಂಗಳಾಗಿತ್ತು. ಯಾರು ಏನು ಹೇಳಿದರೂ ಹೂಂ ಅನ್ನುವುದು ಅಭ್ಯಾಸವಾಗಿತ್ತು. ಹೂಂ ಅಂದೆ. ಲಿವರ್‌ಮೋರ್‌ನಿಂದ ಒಬ್ಬಳೇ ಕಾರು ಓಡಿಸಿಕೊಂಡು ಹೋದೆ.

ಸ್ಲೈಡುಗಳು ಹಿಂದಿನ ವರ್ಷದ, ಎಂಬತ್ನಾಲ್ಕರ ಬೇಸಿಗೆಯ ಬ್ರಿಟನಿ ಪ್ರವಾಸದವು. ಬ್ರಿಟನಿ ಫ್ರಾನ್ಸಿನ ಪಶ್ಚಿಮದ ಕರಾವಳಿ. ಅಲ್ಲಿಗೆ ಹೋಗುವ ಆಸೆ ನನ್ನದು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ಟಿಪ್ಪುವಿನ ರಾಯಭಾರಿಗಳ ಬಗ್ಗೆ ಪ್ರಬಂಧ ಬರೆದಿದ್ದೆ. ಫ್ರಾನ್ಸಿನ ರಾಜನಿಂದ ಕೇಳಿದ ಸಹಾಯ ಸಿಗದೆ ಅವರು ಊರಿಗೆ ಹಡಗು ಹತ್ತಿದ್ದು ಬ್ರಿಟನಿಯ ಬ್ರೆಸ್ಟ್ ಬಂದರಿನಲ್ಲಿ. ಆ ಬಂದರು ನೋಡಬೇಕು ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದೆ. ತಿರುಮಲೇಶ ಮರೆಯಲಿಲ್ಲ. ಮ್ಯಾಪು ತಂದರು, ರಜೆ ಕೂಡಿಸಿಟ್ಟರು, ಆಫೀಸಿನ ಗೆಳೆಯ ವಾಸುದೇವನನ್ನೂ ಮೈಥಿಲಿಯನ್ನೂ ಒಪ್ಪಿಸಿ ಹೊರಡಿಸಿದರು. ಕ್ಯಾಮೆರಾ ವಾಸುದೇವನದು. ಹಾಗಾಗಿ ಸ್ಲೈಡುಗಳೂ ಅವನವು.

ಐದಾರು ಮನೆಯವರು ಬಂದಿದ್ದರು. ಹೊಸ ಕಾರ್ಪೆಟ್ಟಿನ ಮೇಲೆ ಕೂತು ಕಾಗದದ ತಟ್ಟೆಯಲ್ಲಿ ಬೋಂಡಾ ತಿನ್ನುತ್ತಿದ್ದರು. ಇನ್ನೂ ಮೊಳೆ ಹೊಡೆಯದ ಬಿಳಿ ಗೋಡೆಯೇ ಪರದೆ.

"ಇದು ಸೇಂಟ್ ಮಾಲೋ," ಎಂದ ವಾಸುದೇವ. "ಈ ಮನೆಗಳು ನೋಡಿ, ನಾನೂರು ವರ್ಷದಿಂದ ಹಾಗೇ ಇವೆ. ಒಂದು ಕಲ್ಲು ಅಲ್ಲಾಡಿಲ್ಲ."

ಆ ಊರು ಮಹಾಯುದ್ಧದಲ್ಲಿ ಸುಟ್ಟುಹೋಗಿತ್ತು. ಮನೆಗಳಲ್ಲಿ ಹೆಚ್ಚಿನವನ್ನು ಆಮೇಲೆ ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದ್ದು. ಕೋಟೆಯ ಗೋಡೆಯ ಮೇಲೆ ನಿಂತು ಅವನಿಗೆ ಅದನ್ನು ನಾನೇ ಹೇಳಿದ್ದೆ.

ಮುಂದಿನ ಚಿತ್ರ ಬರಲಿಲ್ಲ. ಗೋಡೆಯ ತುಂಬ ಬರಿಯ ಬೆಳಕು ಬಿತ್ತು. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಏನಪ್ಪಾ ವಾಸು, ಬ್ರಿಟನೀಲಿ ಬೇಸಿಗೇಲೂ ಸ್ನೋ ಬೀಳತ್ತಾ?" ಎಂದ ಅನಂತಪದ್ಮನಾಭ. ಅವನೂ ಅದೇ ಆಫೀಸಿನವನು. ಜನ ನಕ್ಕರು.

"ಹಳೇ ಪ್ರೊಜೆಕ್ಟರು ಮಾರಾಯ," ಎಂದು ವಾಸುದೇವ ಬಟನ್ ಒತ್ತಿದ. ಸಂತೆಯಲ್ಲಿ ಹಣ್ಣು ಆರಿಸುತ್ತಿರುವ ಮೈಥಿಲಿ ಬಂದಳು. ಆಮೇಲೆ ಮತ್ತೆ ಬೆಳಕು. ಪ್ಯಾಂಪೋಲ್ ಎಂಬ ಮೀನುಗಾರರ ಬಂದರು ಬಂತು. ಆಮೇಲೆ ಮತ್ತೆ ಬೆಳಕು.

ಆಗ ನನಗೆ ತಿಳಿಯಿತು. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಲ್ವರೂ ಕೂತು ಇವನ್ನೆಲ್ಲ ನೋಡಿದ್ದೆವು. ಪ್ಯಾಂಪೋಲ್ ಆದಮೇಲೆ ಬರಬೇಕಾದದ್ದು ತಿರುಮಲೇಶ. ಸಂತೆ ಆದಮೇಲೂ ತಿರುಮಲೇಶ. ಬೆಳಕು ಬಿದ್ದಲ್ಲೆಲ್ಲ ಅವರೇ ನಿಂತಿದ್ದರು.

"ಇಲ್ಲಿಂದ ಬ್ರೆಸ್ಟ್‌ವರೆಗೂ ಡ್ರೈವ್ ಮಾಡಿದೆ ನೋಡಿ, ಸಾಕಾಗೋಯ್ತು," ಎನ್ನುತ್ತಿದ್ದ ವಾಸುದೇವ. "ನಮ್ಮ ಫ್ರೀವೇ ಥರ ಅಲ್ಲ. ಸಣ್ಣ ರೋಡು, ಗೇರ್ ಕಾರು ಬೇರೆ."

ವಾಸುದೇವನಿಗೆ ಗೇರ್ ಕಾರು ಬರುವುದಿಲ್ಲ. ಅವನು ಕಲಿತದ್ದೇ ಇಲ್ಲಿಯ ಆಟೋಮ್ಯಾಟಿಕ್ಕಿನಲ್ಲಿ. ಬಾಡಿಗೆ ಕಾರನ್ನು ಗೇಟು ದಾಟಿಸುವ ಮೊದಲೇ ಮತ್ತೆ ಮತ್ತೆ ಆಫ್ ಮಾಡಿ, ಬೆವರಿ, ಕೀಲಿಯನ್ನು ತಿರುಮಲೇಶರ ಕೈಗೆ ಹಾಕಿದ್ದ. ಪ್ರವಾಸ ಮುಗಿಯುವವರೆಗೂ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆದ.

ಏಳು ತಿಂಗಳಿಂದ ನನ್ನೊಳಗೆ ಏನೂ ಅಲುಗಾಡಿರಲಿಲ್ಲ. ಎದ್ದು ದೀಪ ಹಾಕಿದೆ.

"ಅವರ ಸ್ಲೈಡುಗಳೆಲ್ಲಿ?"

ಮೈಥಿಲಿ ನನ್ನ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು.

"ನಿನಗೆ ಬೇಜಾರಾಗತ್ತೆ ಅಂತ ತೆಗೆದ್ವಿ ಕಣೆ."

"ನನ್ನ ಕೇಳಿದ್ಯಾ?"

ಮೈಥಿಲಿ ಅತ್ತೆಯ ಕಡೆ ನೋಡಿದಳು. ವಾಸುದೇವನ ತಾಯಿ ಟೇಬಲ್ಲಿನ ಮುಂದೆ ಕೂತು ಮುತ್ತೈದೆಯರಿಗೆಂದು ಎಲೆ ಅಡಿಕೆ ಜೋಡಿಸುತ್ತಿದ್ದರು.

"ನಾನೇ ತೆಗೆಸಿದ್ದು ಕಣಮ್ಮ," ಎಂದರು. "ಇವತ್ತು ಬೆಳಿಗ್ಗೆ ತಾನೇ ಹಾಲು ಉಕ್ಸಿದೀವಿ. ಹೋದೋರ ಮುಖ ಹೊಸ ಮನೆ ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಬೀಳಬಾರದು. ಓದಿದವಳು, ನಿನಗೆ ಬೇರೆ ಹೇಳಬೇಕಾ?"

"ಅವರು ಡ್ರೈವ್ ಮಾಡಿದ್ದೂ ಗೋಡೆಗೆ ಆಗಿಬರಲ್ವಾ ಅಮ್ಮ?"

ಆಕೆ ಇನ್ನೊಂದು ಎಲೆ ಎತ್ತಿ ಅದರ ಮೇಲೆ ಅಡಿಕೆ ಇಟ್ಟರು.

"ಎಲ್ಲಿಟ್ಟಿದೀಯ ಮೈಥಿಲಿ?"

"ಗರಾಜಲ್ಲಿ," ಎಂದಳು, ನೆಲ ನೋಡುತ್ತ. "ಒಳಗೆ ಇಡೋದು ಬೇಡ ಅಂದ್ರು. ನಾಳೆ ನಿನಗೇ ಕೊಡೋಣ ಅಂತಿದ್ದೆ, ನಿಜವಾಗ್ಲೂ."

ಗರಾಜಿನಲ್ಲಿ ಪೇಂಟ್ ಡಬ್ಬಗಳ ಪಕ್ಕ, ಹುಲ್ಲಿನ ಗೊಬ್ಬರದ ಚೀಲದ ಮೇಲೆ ಇಟ್ಟಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಕೈಗೆ ಬಂದದ್ದನ್ನು ಬಲ್ಬಿಗೆ ಹಿಡಿದು ನೋಡಿದೆ. ಪ್ಯಾಂಪೋಲ್ ಪಕ್ಕದ ಹಳ್ಳಿಯ ಸ್ಮಶಾನದ ಗೋಡೆ, ಮುಂದೆ ತಿರುಮಲೇಶ. ಐಸ್‌ಲ್ಯಾಂಡಿನ ಕಡಲಿಗೆ ಮೀನು ಹಿಡಿಯಲು ಹೋಗಿ ತಿರುಗಿ ಬಾರದವರ ಹೆಸರುಗಳನ್ನು ಆ ಗೋಡೆಗೆ ಹಾಕಿದ್ದಾರೆ, ಹಡಗಿನ ಹೆಸರಿನ ಜೊತೆಗೆ. ಅವರ ಹೆಂಡತಿಯರಿಗೆ ಹೂಳಲು ಹೆಣವೂ ಸಿಗಲಿಲ್ಲ. ಹೆಸರಾದರೂ ಊರಿನವರ ಕಣ್ಣ ಮುಂದೆ ಉಳಿಯಿತು. ತಿರುಮಲೇಶ ತಮ್ಮ ಮೈಸೂರಿನ ಫ್ರೆಂಚಿನಲ್ಲಿ ಒಂದೊಂದನ್ನೂ ಗಟ್ಟಿಯಾಗಿ ಓದಿದ್ದರು. ಸಾಕು ನಡೀರಿ ಎಂದು ನಾನೇ ಅವಸರ ಮಾಡಿದ್ದೆ.

ಹಾಲಿಗೆ ಬಂದು ಪ್ರೊಜೆಕ್ಟರಿನ ಮುಂದೆ ಕೂತೆ. ಸ್ಲೈಡನ್ನು ತಲೆಕೆಳಗಾಗಿ ಇಡಬೇಕು. ಒಂದೊಂದಾಗಿ ಖಾಲಿ ಜಾಗಗಳಲ್ಲಿ ಇಟ್ಟೆ.

"ಜಲಜಾ, ಪ್ಲೀಸ್, ಸೀನ್ ಮಾಡ್ಬೇಡಿ," ಎಂದ ವಾಸುದೇವ. "ಜನ ಇದಾರೆ."

"ಜನ ಇದಾರೆ ಅಂತಾನೇ."

"ಇನ್ನೊಂದಿನ ನಿಮ್ಮ ಅಪಾರ್ಟ್‌ಮೆಂಟಲ್ಲೇ ಹಾಕೋಣ. ನಾನೇ ಪ್ರೊಜೆಕ್ಟರು ತರ್ತೀನಿ."

"ನನಗೆ ಅವರ ಮುಖ ಗೊತ್ತು ವಾಸುದೇವ್. ಮರೆತಿರೋದು ನೀವು."

ದೀಪ ಆರಿಸಿದೆ. ವಾಸುದೇವ ಗೋಡೆಗೆ ಅಡ್ಡ ನಿಂತ. ನಾನು ಬಟನ್ ಒತ್ತಿದೆ.

ಅವನ ರೇಷ್ಮೆ ಜುಬ್ಬದ ಎದೆಯ ಮೇಲೆ ನನ್ನ ಗಂಡನ ಮುಖ ಬಿತ್ತು. ಭುಜದ ಮೇಲೆ ಮುಳುಗಿದ ಹಡಗುಗಳ ಹೆಸರು. ವಾಸುದೇವ ಕತ್ತು ಬಗ್ಗಿಸಿ ನೋಡಿಕೊಂಡ. ಒರೆಸಿಕೊಳ್ಳುವವನಂತೆ ಕೈ ಎತ್ತಿದ. ಕೈಯ ಮೇಲೂ ಅವರೇ ಬಿದ್ದರು.

"ಪಕ್ಕಕ್ ಬಾರೋ ವಾಸು," ಎಂದ ಅನಂತಪದ್ಮನಾಭ. ದನಿಯಲ್ಲಿ ತಮಾಷೆ ಇರಲಿಲ್ಲ. "ತಿರು ಕಾಣಿಸ್ತಿಲ್ಲ."

ವಾಸುದೇವ ಪಕ್ಕಕ್ಕೆ ಸರಿದ. ಅಡುಗೆಮನೆಯ ಬಾಗಿಲು ಜೋರಾಗಿ ಮುಚ್ಚಿಕೊಂಡ ಸದ್ದಾಯಿತು. ಮೈಥಿಲಿ ಒಳಗೆ ಹೋಗದೆ ಕಾರ್ಪೆಟ್ಟಿನ ತುದಿಯಲ್ಲಿ ಕೂತಳು.

"ಇವರು ತಿರುಮಲೇಶ, ನನ್ನ ಗಂಡ," ಎಂದೆ. ಗೊತ್ತಿದ್ದವರಿಗೇ ಹೇಳಿದೆ. "ಈ ಪ್ರವಾಸ ಹೊರಡಿಸಿದವರು. ಕಾರನ್ನು ಪೂರ್ತಿ ಓಡಿಸಿದವರು ಇವರೊಬ್ಬರೇ."

ಆಮೇಲೆ ಅವರ ಹಿಂದಿರುವ ಗೋಡೆ ಏನೆಂದು ಹೇಳಿದೆ. ಮುಂದಿನ ಸ್ಲೈಡು ಬ್ರೆಸ್ಟಿನ ದಾರಿಯದು. ಮೀನಂಗಡಿಯ ಮುದುಕಿ ಪ್ರೀತಿಯಿಂದ ಬಾಯಿ ಬಿಡಿಸಿ ಕೊಟ್ಟ ಹಸಿ ಸಿಂಪಿಯನ್ನು ತಿರುಮಲೇಶ ಕೈಯಲ್ಲಿ ಹಿಡಿದು, ತಿನ್ನಲೂ ಆಗದೆ ಹಿಂದಕ್ಕೆ ಕೊಡಲೂ ಆಗದೆ ನಿಂತಿದ್ದರು, ಹಣೆಯ ನಾಮ ಬೆವರಿಗೆ ಕರಗುತ್ತಿತ್ತು. ಕತ್ತಲಲ್ಲಿ ಯಾರೋ ನಕ್ಕು, ತಕ್ಷಣ ಕೆಮ್ಮಿ ಮುಚ್ಚಿಕೊಂಡರು.

"ನಗಿ," ಎಂದೆ. "ನಾವೂ ನಕ್ಕಿದ್ವಿ."

ವಾಸುದೇವ ಹಿಂದಿನಿಂದ ಊಟ ಆರುತ್ತೆ ಎಂದ.

"ಇನ್ನೂ ಇದೆ," ಎಂದು ಬಟನ್ ಒತ್ತಿದೆ.