ಬಲಗೈಯ ಕಾವಲು

ನಾನು ಒಂದು ಕೈಗವಸು. ಚಳಿಗೆ ಹಾಕಿಕೊಳ್ಳುವ ಜಾತಿಯದಲ್ಲ, ಕೈ ಕಟ್ಟಿಹಾಕುವುದೇ ನನ್ನ ಕಸುಬು. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಚಾದರ ಹೊಲಿಯುವ ದರ್ಜಿ ಉಳಿದ ಖಾಕಿ ಬಟ್ಟೆಯಿಂದ ನನ್ನನ್ನು ಹೊಲಿದ. ಹೊಟ್ಟೆಗೆ ಹತ್ತಿ ತುರುಕಿದ, ಬೆರಳುಗಳಿಗೆ ದಾರಿ ಬಿಡಲಿಲ್ಲ, ಮಣಿಕಟ್ಟಿನ ಹತ್ತಿರ ಲಾಡಿ ಇಟ್ಟ.

ಲಕ್ವ ಹೊಡೆದವರಿಗೆ ಒಂದು ಕೈ ಸೋತಿರುತ್ತದೆ. ಮನುಷ್ಯ ಸೋಮಾರಿ. ಗಟ್ಟಿ ಕೈಯೊಂದರಲ್ಲೇ ಎಲ್ಲ ಮಾಡಿಕೊಂಡು ಸೋತದ್ದನ್ನು ಮೂಲೆಗೆ ತಳ್ಳುತ್ತಾನೆ. ಅದಕ್ಕೇ ಎರಡು ವಾರ, ಎಚ್ಚರವಿರುವಷ್ಟು ಹೊತ್ತೂ ಗಟ್ಟಿ ಕೈಗೆ ನನ್ನನ್ನು ತೊಡಿಸುತ್ತಾರೆ. ಬೇರೆ ಗತಿಯಿಲ್ಲದೆ ಸೋತ ಕೈ ದುಡಿಯಲು ಕಲಿಯುತ್ತದೆ. ಒಳ್ಳೆಯ ಕೆಲಸ ಎಂದೇ ನಾನೂ ನಂಬಿದ್ದೆ.

ನನಗೆ ಮೊದಲು ಸಿಕ್ಕಿದ್ದು ಲೇತ್ ವರ್ಕ್‌ಶಾಪಿನ ಪಾಲಾಕ್ಷಪ್ಪನ ಬಲಗೈ. ಅವನ ಎಡಗೈ ಸೋತಿತ್ತು, ಬೆರಳು ಅಷ್ಟಿಷ್ಟು ಅಲುಗುತ್ತಿದ್ದವು. ವ್ಯಾಯಾಮ ಮಾಡಿಸುವ ರೇಷ್ಮಾ ಮೇಡಂ ನನ್ನನ್ನು ಕಟ್ಟುವ ಬಗೆಯನ್ನು ಅವನ ಹೆಂಡತಿ ಕೊಟ್ರಮ್ಮನಿಗೆ ಕಲಿಸಿದರು. ಅವಳು ಆ ಕೈಯಿಂದ ಮುಖ ದೂರ ಇಟ್ಟುಕೊಂಡೇ ಲಾಡಿ ಕಟ್ಟಿದಳು. ಹೊಸ ಕೆಲಸದ ಅಂಜಿಕೆ ಅಂದುಕೊಂಡೆ.

ಮನೆಗೆ ಹೋದ ಸಂಜೆಯೇ ನಿಜ ತಿಳಿಯಿತು. ಕಾಫಿ ತಣ್ಣಗಿದೆ ಎಂದು ನನ್ನೊಳಗಿನ ಕೈ ಮುಷ್ಟಿ ಕಟ್ಟಿ ಅವಳ ಕೆನ್ನೆಗೆ ಬೀಸಿತು. ನಾನು ದಿಂಬಿನ ಹಾಗೆ ಹೋಗಿ ತಗುಲಿದೆ. ಕಣ್ಣು ಮುಚ್ಚಿ ನಿಂತಿದ್ದ ಕೊಟ್ರಮ್ಮ ಮೆಲ್ಲಗೆ ಕಣ್ಣು ತೆರೆದಳು. ನೋವಾಗಿರಲಿಲ್ಲ. ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಹತ್ತಿ ಹಿಗ್ಗಿತು.

ಆದರೆ ಊಟದ ಹೊತ್ತಿಗೆ ಅತ್ತೆ ರುದ್ರಮ್ಮ ಅಡ್ಡ ಬಂದಳು.

"ಬಿಚ್ಚೇ ಅದನ್ನ. ಎಡಗೈಲೆ ಉಂಡ್ರೆ ಮನೆಗೆ ಒಳ್ಳೇದಾಗ್ತತೇನು? ನನ್ ಮಗ ಏನ್ ಪಾಪ ಮಾಡ್ಯಾನೆ?"

ಹಾಗಾಗಿ ಊಟಕ್ಕೆ ನನ್ನನ್ನು ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದರು. ಅನ್ನ ಕಲಸುವ ಕೈ ಸಾರಿಗೆ ಉಪ್ಪು ಹೆಚ್ಚಾದರೆ ಏನು ಮಾಡುತ್ತದೆಂದು ಅಲ್ಲಿಂದಲೇ ನೋಡಿದೆ. ಈಗ ನಡುವೆ ಹತ್ತಿ ಇರಲಿಲ್ಲ. ರುದ್ರಮ್ಮ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು.

ಒಂದು ದಿನ ಆಸ್ಪತ್ರೆಗೆ ಹೋದಾಗ ಮೇಡಂ ಊಟದ ವಿಷಯ ಕೇಳಿ ಗದರಿದರು. "ಊಟವೇ ದೊಡ್ಡ ವ್ಯಾಯಾಮ. ಎಡಗೈಯಲ್ಲೇ ತಿನ್ನಲಿ. ಚಮಚ ಕೊಡಿ."

ಆ ರಾತ್ರಿ ಲಾಡಿಗೆ ಕೈ ಹಾಕಿದ ಅತ್ತೆಯನ್ನು ಕೊಟ್ರಮ್ಮ ತಡೆದಳು. "ಮೇಡಂ ಬ್ಯಾಡ ಅಂದಾರೆ, ಅತ್ತಿ." ಆ ಮನೆಯಲ್ಲಿ ಅವಳ ಮಾತು ನಡೆದದ್ದು ಅದೇ ಮೊದಲಿರಬೇಕು. ಅಲ್ಲಿಂದ ಮುಂದೆ ನನ್ನನ್ನು ಬಿಚ್ಚುತ್ತಿದ್ದದ್ದು ಅವನು ಮಲಗಿದ ಮೇಲೆಯೇ. ಅವಳು ನೆಮ್ಮದಿಯಾಗಿ ಉಂಡದ್ದನ್ನು ಕಂಡೆ. ಇಂಥ ಶ್ರದ್ಧೆಯ ಹೆಂಡತಿಯನ್ನು ನೋಡಿಲ್ಲ ಎಂದು ಮೇಡಂ ಹೊಗಳಿದರು.

ಆದರೆ ನನ್ನ ಕೆಲಸ ಫಲಿಸುತ್ತಿತ್ತು, ಅದೇ ಕೇಡು. ಎಡಗೈ ಲೋಟ ಹಿಡಿಯಿತು, ಚಿಲಕ ತೆಗೆಯಿತು. ಅದು ಒಂದೊಂದು ಕಲಿತಾಗಲೂ ರುದ್ರಮ್ಮ ದೇವರಿಗೆ ಕಾಯಿ ಒಡೆಸಿದಳು. ಕೊಟ್ರಮ್ಮನ ಊಟ ಮತ್ತೆ ಕಡಿಮೆಯಾಯಿತು.

ಕೊನೆಯ ದಿನ ಬೆಳಿಗ್ಗೆ ಅವಳು ನನ್ನ ಲಾಡಿಗೆ ಗಂಟಿನ ಮೇಲೆ ಗಂಟು ಹಾಕಿದಳು. ನನಗೇ ಉಸಿರು ಕಟ್ಟಿತು.

ಆಸ್ಪತ್ರೆಯಲ್ಲಿ ಎಡಗೈ ಗೋಲಿಗಳನ್ನು ಬಟ್ಟಲಿಗೆ ಹಾಕಿತು, ಬೀಗ ತೆರೆಯಿತು. "ಇನ್ನೇನಾದರೂ ಮಾಡಿ ತೋರಿಸ್ತೀರಾ?" ಎಂದರು ಮೇಡಂ. ಪಾಲಾಕ್ಷಪ್ಪ ನಕ್ಕು, ಎಡಗೈ ಚಾಚಿ ಕೊಟ್ರಮ್ಮನ ಜಡೆಗೆ ಕೈ ಹಾಕಿ ಎಳೆದ. ಸರಸ ಎಂದುಕೊಂಡು ಮೇಡಂ ಚಪ್ಪಾಳೆ ತಟ್ಟಿದರು. ಅದೇ ಕ್ಷಣ ನನ್ನೊಳಗೆ ಬಲಗೈ ಮುಷ್ಟಿ ಕಟ್ಟಿತು. ಎರಡೂ ಜೊತೆಯಾಗಿ ಪಳಗಿದ ಕೈಗಳು. ಒಂದು ಹಿಡಿದುಕೊಳ್ಳುವುದಕ್ಕೆ, ಇನ್ನೊಂದು ಹೊಡೆಯುವುದಕ್ಕೆ. ಲಕ್ವ ಕಿತ್ತುಕೊಂಡಿದ್ದನ್ನು ನಾನು ವಾಪಸು ಕೊಡಿಸಿದ್ದೆ. ನನ್ನ ಕಸುಬಿನ ಮೇಲೆ ನನಗೇ ಹೇಸಿಗೆಯಾಯಿತು.

"ಬಿಚ್ಚಿ ಕೊಟ್ರಮ್ಮ, ಮುಗೀತು," ಎಂದರು ಮೇಡಂ.

ಅವಳು ಜಡೆ ಬಿಡಿಸಿಕೊಂಡಳು. "ನನ್ ಕೈಲಾಗಲ್ಲ ಮೇಡಂ. ನೀವೇ ಬಿಚ್ರಿ. ನಿಧಾನಕ್ಕೆ ಬಿಚ್ರಿ."

ಬಟ್ಟೆಯ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ನೀರು ಕುಡಿಯಾಕೆ ಹೋಗಿರ್ಬೇಕು ಎಂದಳು ಜೊತೆಗೆ ಬಂದಿದ್ದ ರುದ್ರಮ್ಮ. ಮೇಡಂ ಗಂಟುಗಳೊಂದಿಗೆ ಗುದ್ದಾಡಿದರು. ಪಾಲಾಕ್ಷಪ್ಪ ಎದ್ದು ನಿಂತು ಬಾಗಿಲ ಕಡೆಗೇ ನೋಡುತ್ತ, "ಬೇಗ ಬಿಚ್ರಿ, ಬೇಗ," ಎಂದು ಹಲ್ಲು ಕಡಿದ. ಮೇಡಂ ತಲೆಯೆತ್ತಿ ಅವನ ಮುಖ ನೋಡಿದರು, ಬಾಗಿಲನ್ನು ನೋಡಿದರು. ಆಮೇಲೆ ಅವರ ಬೆರಳು ನಿಧಾನವಾದವು. "ಕೂತ್ಕೊಳ್ಳಿ, ಕೂತರೇ ಬಿಚ್ಚೋದು," ಎಂದರು. ಕತ್ತರಿ ಮೇಜಿನ ಮೇಲೆಯೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

ಈಗ ನಾನು ಅದೇ ಕೋಣೆಯ ಬೀರುವಿನ ಕೆಳಗಿನ ಅರೆಯಲ್ಲಿ ಬಿದ್ದಿದ್ದೇನೆ. ನಡುವೆ ಎಷ್ಟೋ ಕೈಗಳನ್ನು ಕಾದೆ. ಹೆಚ್ಚಿನವು ಒಳ್ಳೆಯ ಕೈಗಳೇ. ಆದರೂ ಹೊಸಬರು ಬಂದಾಗ ನಾನು ಮೊದಲು ನೋಡುವುದು ಪಕ್ಕದಲ್ಲಿ ನಿಂತವರ ಮುಖವನ್ನು. ಕೊಟ್ರಮ್ಮ ಯಾವ ಊರು ಸೇರಿದಳೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಮೊನ್ನೆ ಪಾಲಾಕ್ಷಪ್ಪ ಮತ್ತೆ ಬಂದಿದ್ದ. ಹೆಂಡತಿ ಏನಾದರೂ ಫೋನ್ ಮಾಡಿದ್ದಳೇ ಎಂದು ಮೇಡಂ ಅವರನ್ನು ಬಹಳ ಮರ್ಯಾದೆಯಿಂದ ವಿಚಾರಿಸಿದ. ಹೋಗುವಾಗ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಎಡಗೈ ಸ್ವಲ್ಪವೂ ನಡುಗಲಿಲ್ಲ.