ಯಾವ ಕಾಲು ಮುಂದೆ

ಸಂಜೆ ನಾಲ್ಕಕ್ಕೆ, ಜನರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟುಗಳು ನಿಂತ ಮೇಲೆ ಫಿನಿ ಬೆಟ್ಟದಿಂದ ಇಳಿದು ಬಂದಳು. ಬಸ್ಸಿನಲ್ಲಿ ಜಾಗವಿದ್ದರೂ ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆ ಎಂಬ ಹೆದರಿಕೆ. ಬೆಳಗಿನ ಐದೂವರೆಯಿಂದ ಉದ್ದ ಹಿಡಿಯ, ಹಲ್ಲುಗಳಿರುವ ಹಲುಬೆ ಹಿಡಿದು ಹಿಮ ಕೆರೆದ ಅಂಗೈ ಇನ್ನೂ ಉರಿಯುತ್ತಿತ್ತು. ಮಿಕ್ಕ ಮೈಯೆಲ್ಲ ಹಿಂಡದೆ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಭಾರವಾಗಿ ಜೋತುಬಿದ್ದಿತ್ತು.

ಬೆಟ್ಟದ ಮೇಲಿನ ಪಾರ್ಕಿನಲ್ಲಿ ಹುಡುಗ ಹುಡುಗಿಯರು ಸ್ನೋಬೋರ್ಡಿನ ಮೇಲೆ ನಿಂತು ಹಿಮದ ದಿಬ್ಬಗಳಿಂದ ಹಾರುತ್ತಾರೆ, ಕಬ್ಬಿಣದ ಕಂಬಿಗಳ ಮೇಲೆ, ಉದ್ದನೆಯ ಪೆಟ್ಟಿಗೆಗಳ ಮೇಲೆ ಜಾರುತ್ತಾರೆ. ಆ ದಿಬ್ಬಗಳನ್ನು ಕಟ್ಟಿ, ದಿನಾ ಅವುಗಳ ಅಂಚು ತಿದ್ದುವ ಆರು ಜನರಲ್ಲಿ ಫಿನಿ ಒಬ್ಬಳು. ಪಾರ್ಕನ್ನು ಕೆಡವಿ ಹೊಸದಾಗಿ ಕಟ್ಟಿದಾಗಲೆಲ್ಲ, ಜನರಿಗೆ ತೆರೆಯುವ ಮೊದಲು ಅದರ ಮೇಲೆ ಜಾರುವ ಹಕ್ಕು ಹಲುಬೆ ಹಿಡಿದವರದು. ಆರು ಜನರಲ್ಲಿ ಹಳಬರಿಗೆ ಮೊದಲ ಸರದಿ. ಹಳಬಳು ಎಂದರೆ ಫಿನಿಯೇ. ಅವಳ ವಯಸ್ಸು ಮೂವತ್ತೊಂದು. ಆದರೆ ಎರಡು ಚಳಿಗಾಲದ ಹಿಂದೆ ಮೂರನೆಯ ದಿಬ್ಬದಿಂದ ಬಿದ್ದು ಎಡಮಂಡಿಯ ಲಿಗಮೆಂಟು ಹರಿದುಹೋದ ಮೇಲೆ, ಪ್ರತಿ ಸಲವೂ ಅವಳು "ನೀವ್ ಹೋಗಿ, ನಾನ್ ಆಮೇಲೆ" ಎನ್ನುತ್ತಿದ್ದಳು. ಆ ಆಮೇಲೆ ಬಂದಿರಲಿಲ್ಲ.

ನಾಳೆ ಈ ವರ್ಷದ ಕೊನೆಯ ಹೊಸ ಪಾರ್ಕು. ಬೆಳಿಗ್ಗೆ ತಂಡದ ಮುಖ್ಯಸ್ಥ ಕೊರ್ಬಿನಿಯನ್ ಹಿಮ ಕೆರೆಯುತ್ತಲೇ, ಅವಳ ಮುಖ ನೋಡದೆ ಹೇಳಿದ್ದ: "ಬೇಡ ಅನ್ಸಿದ್ರೆ ಹೇಳ್ಬಿಡು ಫಿನಿ. ನಿನ್ ಹೆಸರು ಪಟ್ಟಿ ಕೊನೇಲಿ ಹಾಕ್ತೀನಿ. ಆಗ ಯಾರೂ ನಿನ್ನನ್ನ ಕಾಯಲ್ಲ, ಯಾರೂ ಕೇಳೋದೂ ಇಲ್ಲ."

ಅವನು ಅದನ್ನು ಕರುಣೆಯಿಂದಲೇ ಹೇಳಿದ್ದು ಎಂದು ಫಿನಿಗೆ ಗೊತ್ತಿತ್ತು. ಅದಕ್ಕೇ ಅದು ಹೆಚ್ಚು ಚುಚ್ಚಿತು. ಇಡೀ ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಇವತ್ತು ಬುರ್ಗಲಳ ಅಂಗಡಿಗೆ ಹೋಗುವುದು. ನಂಬಿಕೆಯಿಂದ ಕಾಲಿಡಬಹುದಾದ ಒಂದು ಬೋರ್ಡು ಸಿಕ್ಕರೆ ನಾಳೆ ಜಾರುವುದು. ಸಿಗದಿದ್ದರೆ ಪಟ್ಟಿಯ ಕೊನೆಗೆ ಹೋಗುವುದು. ಅಲ್ಲಿಗೆ ಮುಗಿಯಿತು.

ಚರ್ಚಿನ ಕೆಳಗಿನ ಬೀದಿಯ ತಿರುವಿನಲ್ಲಿ ಬುರ್ಗಲಳ ಅಂಗಡಿ. ಬುರ್ಗಲಳಿಗೆ ಅರವತ್ತೇಳು. ಅವಳೂ ಗಂಡ ಒಥ್ಮಾರನೂ ಸೇರಿ ನಡೆಸುವ ಅಂಗಡಿ ಅದು. ಮೇಲೆ ಅವಳ ವ್ಯಾಪಾರ, ನೆಲಮಾಳಿಗೆಯಲ್ಲಿ ಅವನ ರಿಪೇರಿ. ಫಿನಿ ಒಳಗೆ ಬಂದ ರೀತಿ ನೋಡಿಯೇ ಬುರ್ಗಲ್ ಏನೂ ಕೇಳದೆ ಹೀಟರಿನ ಪಕ್ಕಕ್ಕೆ ಒಂದು ಕುರ್ಚಿ ಎಳೆದಳು.

"ಕೂತ್ಕೊ ಮೊದ್ಲು."

"ಕೂತ್ರೆ ಏಳಲ್ಲ ಬುರ್ಗಲ್."

"ಏಳ್ಬೇಡ. ಬಾಗಿಲು ಹಾಕೋವಾಗ ಬೋರ್ಡುಗಳ ಜೊತೆ ನಿನ್ನನ್ನೂ ಗೋಡೆಗೆ ಒರಗಿಸಿ ಹೋಗ್ತೀನಿ."

ಫಿನಿ ಕೂತಳು. ಬುರ್ಗಲ್ ಅವಳ ಒದ್ದೆ ಬೂಟುಗಳನ್ನು ತಾನೇ ಎತ್ತಿ, ಬಾಯಿ ಕೆಳಗಾಗಿ ಹೀಟರಿನ ಮೇಲಿಟ್ಟಳು. ಆಮೇಲೆ ಒಳಗಿನಿಂದ ಒಂದು ಬಟ್ಟಲು ತಂದಳು. ತಿಳಿಸಾರಿನಲ್ಲಿ ಹುರಿದ ಚೀಸ್ ಉಂಡೆ ತೇಲುತ್ತಿತ್ತು. ಅದು ಒಥ್ಮಾರನ ಸಂಜೆಯ ಪಾಲು ಎಂದು ಫಿನಿಗೆ ಬಟ್ಟಲು ನೋಡಿದಾಗಲೇ ತಿಳಿಯಿತು. ಅಂಚು ಒಡೆದ ಆ ನೀಲಿ ಬಟ್ಟಲು ಅವನದೇ.

"ಒಥ್ಮಾರ್‌ಗೆ?"

"ಅವನಿಗೆ ಹೊಟ್ಟೆ ಕರಗ್ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ."

"ನಂಗೆ ಕೇಳಿಸ್ತು!" ಎಂದು ನೆಲದ ಕೆಳಗಿನಿಂದ ಕೂಗು ಬಂತು.

ಸಾರು ಕುಡಿದ ಮೇಲೆ ಫಿನಿ ಎದ್ದು ನೇರವಾಗಿ ಗಂಡಸರ ಬೋರ್ಡುಗಳ ಗೋಡೆಗೆ ಹೋದಳು. ನೂರೈವತ್ತೈದು ಸೆಂಟಿಮೀಟರಿನ ಒಂದು ಕಪ್ಪು ಬೋರ್ಡನ್ನು ಕೆಳಗಿಳಿಸಿ ಗದ್ದದವರೆಗೆ ಹಿಡಿದು ನೋಡಿದಳು.

"ಅದು ಗಂಡಸರದ್ದು," ಎಂದಳು ಬುರ್ಗಲ್.

"ಗೊತ್ತು. ಹನ್ನೆರಡು ವರ್ಷ ಇಂಥದ್ದರ ಮೇಲೇ ನಿಂತಿದ್ದೀನಿ."

ಅದು ನಿಜ. ಅವಳ ಹಳೆಯ ಬೋರ್ಡು ಅಣ್ಣ ವೀಟುಸ್ ಮೇಲಿನ ಕಡಿದಾದ ಇಳಿಜಾರುಗಳಿಗೆಂದು ಕೊಂಡಿದ್ದು. ಮೂತಿ ಉದ್ದ, ಬಾಲ ಮೋಟು, ಮುಂದಕ್ಕೆ ಮಾತ್ರ ಓಡಲು ಮಾಡಿದ್ದು. ಅವನು ಜಾರುವುದನ್ನು ಬಿಟ್ಟ ಮೇಲೆ ಹದಿನೇಳರ ಫಿನಿಗೆ ಬಂತು. ಆಗ ಹುಡುಗಿಯರ ಬೋರ್ಡು ಎಂದರೆ ಹೂವಿನ ಚಿತ್ರ ಬರೆದ, ರಟ್ಟಿನ ಹಾಗೆ ಬಳುಕುವ ವಸ್ತು. ಅದನ್ನು ಹಿಡಿದು ಲಿಫ್ಟಿನ ಸಾಲಿನಲ್ಲಿ ನಿಂತವಳನ್ನು ಕಂಡು ಹುಡುಗರು ಸಿಳ್ಳೆ ಹಾಕುತ್ತಿದ್ದರು. ಫಿನಿ ಅಣ್ಣನ ಬೋರ್ಡಿನಲ್ಲೇ ದೊಡ್ಡ ದಿಬ್ಬ ಹಾರಿ ಅವರ ಬಾಯಿ ಮುಚ್ಚಿಸಿದಳು. ತಂಡದವರು ಅದಕ್ಕೆ ಇಟ್ಟ ಹೆಸರು "ಬಾಗಿಲು". ಬಾಗಿಲು ಕಳಚಿಕೊಂಡು ಬಂದಿದ್ದಾಳೆ ಎಂದು ನಗುತ್ತಿದ್ದರು. ಆ ನಗೆಯಲ್ಲಿ ಗೌರವವೂ ಇತ್ತು. ಅದನ್ನು ಬಿಡಲು ಅವಳಿಗೆ ಎಂದೂ ಮನಸ್ಸು ಬಂದಿರಲಿಲ್ಲ.

"ಕಾಲು ಎಷ್ಟನೇ ನಂಬರು?"

"ಮೂವತ್ತೇಳು."

"ತೂಕ?"

"ಐವತ್ತಾರು. ಇವತ್ತು ಬೂಟು ಒದ್ದೆ, ಅರವತ್ತು ಅನ್ನು."

ಬುರ್ಗಲ್ ನಗಲಿಲ್ಲ. ಕಪ್ಪು ಬೋರ್ಡನ್ನು ನೆಲದ ಮೇಲೆ ಮಲಗಿಸಿ, ಹೀಟರಿನ ಮೇಲಿದ್ದ ಬೂಟನ್ನು ತಂದು ಅದರ ಮೇಲೆ ಅಡ್ಡಕ್ಕೆ ಇಟ್ಟಳು. ಬೆರಳಿನ ಕಡೆ ಬೋರ್ಡಿನ ಅಂಚಿಗೆ ಎರಡು ಬೆರಳು ಜಾಗ ಉಳಿಯಿತು. ಹಿಮ್ಮಡಿಯ ಕಡೆಯೂ ಅಷ್ಟೇ.

"ನೋಡು. ನಿನ್ನ ಪಾದ ಅಂಚಿಗೆ ಮುಟ್ಟೋದೇ ಇಲ್ಲ. ಪಾದ ಮಾಡ್ಬೇಕಾದ ಕೆಲ್ಸ ಮಂಡಿ ಮಾಡಿದೆ. ಹನ್ನೆರಡು ವರ್ಷ, ಪ್ರತಿಯೊಂದು ತಿರುವಿಗೂ."

ಫಿನಿ ಬೂಟನ್ನೇ ನೋಡುತ್ತ ನಿಂತಳು. ಆಸ್ಪತ್ರೆಯಲ್ಲಿ ಮಂಡಿಯೊಳಗೆ ಕ್ಯಾಮೆರಾ ಇಳಿಸಿ ನೋಡಿದ್ದರು. ಯಾರೂ ಅವಳ ಬೂಟನ್ನು ಅವಳ ಬೋರ್ಡಿನ ಮೇಲೆ ಇಟ್ಟು ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

"ಅದಕ್ಕೇ ಬಿದ್ನಾ?"

"ಬಿದ್ದಿದ್ದಕ್ಕೆ ನೂರು ಕಾರಣ ಇರುತ್ತೆ. ನಾನದು ಹೇಳ್ತಾ ಇಲ್ಲ," ಎಂದು ಬುರ್ಗಲ್ ಅವಳ ಬೆನ್ನ ಮೇಲೆ ಕೈಯಿಟ್ಟಳು. "ದಣಿವಿನ ಮಾತು ಹೇಳ್ತಿದ್ದೀನಿ. ಯಾವಾಗ್ಲೂ ಎಲ್ರಿಗಿಂತ ಮೊದಲು ಸುಸ್ತಾಗ್ತಿದ್ದೆ, ಅಲ್ವಾ? ನಿನ್ನಲ್ಲೇ ಶಕ್ತಿ ಇಲ್ಲ ಅಂತ ನೀನು ಅಂದ್ಕೊಂಡಿದ್ದೆ."

ಅವಳು ಹೆಂಗಸರ ಗೋಡೆಯಿಂದ ಎರಡು ಬೋರ್ಡು ತಂದಳು. ಎರಡೂ ಬೂದು ಬಣ್ಣ, ಹೂವಿಲ್ಲ. ಒಂದರ ತುದಿಯನ್ನು ನೆಲಕ್ಕೆ ಊರಿ, ಮಧ್ಯಕ್ಕೆ ಅಂಗೈ ಒತ್ತಿ ಬಗ್ಗಿಸಿ ತೋರಿಸಿದಳು. ಅದು ಒಲ್ಲದ ಮನಸ್ಸಿನಿಂದ ಬಾಗಿತು. ಇನ್ನೊಂದು ಒತ್ತಿದ ಕೂಡಲೇ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಯಿತು. ನೂರನಲವತ್ತಾರು ಸೆಂಟಿಮೀಟರು.

"ಗಟ್ಟಿ ಇರೋದು ದೊಡ್ಡ ದಿಬ್ಬಕ್ಕೆ. ಮೆತ್ತಗಿರೋದು ಕಂಬಿಗೆ, ಪೆಟ್ಟಿಗೆಗೆ, ಸಣ್ಣ ದಿಬ್ಬಕ್ಕೆ. ತಪ್ಪು ಮಾಡಿದ್ರೂ ಸಹಿಸ್ಕೊಳ್ಳುತ್ತೆ."

ಫಿನಿಯ ಕೈ ಗಟ್ಟಿ ಬೋರ್ಡಿನ ಕಡೆಗೇ ಹೋಯಿತು. ಮೆತ್ತನೆಯದನ್ನು ಎತ್ತಿಕೊಂಡರೆ ಆ ಮೂರನೆಯ ದಿಬ್ಬಕ್ಕೆ ವಿದಾಯ ಹೇಳಿದಂತೆ ಎನ್ನಿಸಿತು.

"ಒಂದ್ನಿಮಿಷ ಅಲ್ಲೇ ನಿಂತ್ಕೊ," ಎಂದಳು ಬುರ್ಗಲ್. "ಆ ಗಟ್ಟಿದಕ್ಕೆ ಹೊಂದೋ, ಬೂಟು ಬಿಗಿಯೋ ಪಟ್ಟಿ ಮೇಲಿನ ಕಪಾಟಿನಲ್ಲಿದೆ." ಹೀಗೆನ್ನುತ್ತ ಅವಳ ಹಿಂದೆ ಹೋದಳು. ಫಿನಿ ಕಾಲುಚೀಲದಲ್ಲಿ ನಿಂತು ಬೀದಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಎರಡು ಅಂಗೈ ಅವಳ ಹೆಗಲನ್ನು ಹಿಂದಿನಿಂದ ನೂಕಿದವು. ಮುಗ್ಗರಿಸಿದ ಫಿನಿಯ ಬಲಗಾಲು ಮುಂದೆ ಚಾಚಿ ನೆಲ ಹಿಡಿಯಿತು.

ಅಂಗಡಿಗೆ ಮೊದಲ ಸಲ ಬರುವ ಮಕ್ಕಳನ್ನು ಹೀಗೆ ಹೇಳದೆ ಕೇಳದೆ ನೂಕುತ್ತಾರೆ. ಬೀಳದ ಹಾಗೆ ಕಾಪಾಡಲು ಯಾವ ಕಾಲು ಹೊರಡುತ್ತದೋ ಬೋರ್ಡಿನ ಮೇಲೆ ಆ ಕಾಲು ಮುಂದೆ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಬುರ್ಗಲಳೇ ಅವಳನ್ನು ನೂಕಿದ್ದಳು. ಆಗ ಮುಂದೆ ಬಂದದ್ದು ಎಡಗಾಲು.

"ನಾನೇನು ಎಂಟು ವರ್ಷದ ಮಗೂನಾ?" ಎಂದು ರೇಗಿದ ಫಿನಿ ತನ್ನ ಕಾಲನ್ನು ನೋಡಿಕೊಂಡು, ಅದನ್ನು ಹಿಂದಕ್ಕೆಳೆದು ನೆಟ್ಟಗೆ ನಿಂತಳು. "ಇನ್ನೊಂದ್ಸಲ ನೂಕು," ಎಂದಳು.

ಬುರ್ಗಲ್ ಇನ್ನೊಮ್ಮೆ ನೂಕಿದಳು. ಎಡಗಾಲನ್ನೇ ಮುಂದಿಡಬೇಕೆಂದು ಫಿನಿ ಹಲ್ಲು ಕಚ್ಚಿ ಕಾದಿದ್ದಳು. ಬಂದದ್ದು ಬಲಗಾಲೇ.

ಅವಳು ಹೋಗಿ ಕುರ್ಚಿಯಲ್ಲಿ ಕುಸಿದಳು. "ಮುಗೀತು ಬಿಡು. ನನ್ ಕಾಲೇ ನನಗೆ ಕೈಕೊಡ್ತು."

"ಕೈಕೊಟ್ಟಿಲ್ಲ ಕಣೇ. ಎಡಮಂಡಿಗೆ ಮತ್ತೆ ಪೆಟ್ಟಾಗ್ಬಾರ್ದು ಅಂತ ಬಲಗಾಲು ಕಾವಲು ನಿಂತಿದೆ. ಎರಡು ವರ್ಷದಿಂದ ಇಡೀ ನಿನ್ನನ್ನ ಅದೇ ಹೊತ್ತಿದೆ. ಪಾಪ, ಅದಕ್ಕೂ ಸುಸ್ತಾಗಿರ್ಬೇಕು."

ಫಿನಿಗೆ ಅಳು ಬಂತು. ಅಳುವುದಕ್ಕೂ ಶಕ್ತಿ ಬೇಕು, ಅದಿರಲಿಲ್ಲ. ಕಣ್ಣು ಒದ್ದೆಯಾಗಿ ಹಾಗೆಯೇ ಆರಿತು.

"ಈ ವಯಸ್ಸಲ್ಲಿ ಬಲಗಾಲು ಮುಂದಿಟ್ಟು ಮೊದಲಿಂದ ಕಲೀಬೇಕಾ? ನನ್ ಕೈಲಾಗಲ್ಲ."

ಮೆಟ್ಟಿಲ ಮೇಲೆ ಎಳೆದ ಹೆಜ್ಜೆಯ ಸದ್ದು. ಒಥ್ಮಾರನಿಗೆ ಸೊಂಟದ ನೋವು. ಗಿರಾಕಿಗಳಿಗೋಸ್ಕರ ಅವನು ಮೇಲೆ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹನ್ನೊಂದು ಮೆಟ್ಟಿಲು ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ಮೆತ್ತನೆಯ ಬೋರ್ಡನ್ನು ಮೇಜಿನ ಮೇಲೆ ಮಲಗಿಸಿದ. ಗಡಿಯಾರದ ಮುಳ್ಳಿನ ಹಾಗೆ ಗಿರ್ರನೆ ತಿರುಗಿಸಿ ನಿಲ್ಲಿಸಿದ.

"ಮುಂದೆ ಯಾವ್ದು, ಹಿಂದೆ ಯಾವ್ದು?"

"ಪಾಠ ಮಾಡ್ಬೇಡ ಒಥ್ಮಾರ್. ಎರಡೂ ತುದಿ ಒಂದೇ ಅಂತ ನಂಗೆ ಗೊತ್ತು."

"ನಿಂಗೆ ಗೊತ್ತು, ನಿನ್ ಹಳೇ ಬಾಗಿಲಿಗೆ ಗೊತ್ತಿರ್ಲಿಲ್ಲ. ಅದು ಒಂದೇ ಕಡೆ ತೆರೀತಿತ್ತು. ಇದು ಹಾಗಲ್ಲ. ಪಟ್ಟಿಗಳನ್ನ ಸರಿ ಮಧ್ಯಕ್ಕೆ ಕೂರಿಸ್ತೀನಿ, ಎರಡು ಪಾದಾನೂ ಹೊರಕ್ಕೆ ಒಂದೇ ಅಳತೆ ತಿರುಗಿರುತ್ತೆ. ನಾಳೆ ಬಲಗಾಲು ಮುಂದಿಡು. ಮುಂದಿನ ವರ್ಷ ಎಡಗಾಲಿಗೆ ಮನಸ್ಸಾದ್ರೆ ಅದನ್ನ ಮುಂದಿಡು. ಬೋರ್ಡು ಏನೂ ಕೇಳಲ್ಲ. ನನ್ ಹೆಂಡ್ತಿ ಥರ ಅಲ್ಲ ಅದು."

"ನಂಗೂ ಕೇಳಿಸ್ತು," ಎಂದಳು ಬುರ್ಗಲ್.

ಫಿನಿ ಎದ್ದು ಮೆತ್ತನೆಯ ಬೋರ್ಡಿನ ಮೇಲೆ ಅಂಗೈ ಒತ್ತಿದಳು. ಅದು ಬಾಗಿತು, ಮತ್ತೆ ಎದ್ದಿತು. ಬೂಟನ್ನು ಅಡ್ಡಕ್ಕೆ ಇಟ್ಟಳು. ಬೆರಳು ಒಂದು ಅಂಚಿಗೆ, ಹಿಮ್ಮಡಿ ಇನ್ನೊಂದು ಅಂಚಿಗೆ ಸರಿಯಾಗಿ ಬಂತು. ಗಟ್ಟಿ ಬೋರ್ಡನ್ನು ತಾನೇ ಎತ್ತಿ ಗೋಡೆಗೆ ಒರಗಿಸಿ ಬಂದಳು.

ಒಥ್ಮಾರ್ ಪಟ್ಟಿಗಳನ್ನು ಬಿಗಿದ. ಕಬ್ಬಿಣದ ಕಂಬಿಗೆ ಕಚ್ಚಿಕೊಳ್ಳದ ಹಾಗೆ ಬೋರ್ಡಿನ ಅಂಚುಗಳನ್ನು ಅರದಿಂದ ಅಲ್ಲಲ್ಲಿ ಮೊಂಡು ಮಾಡಿದ. ಹೊರಡುವಾಗ ಬುರ್ಗಲ್ ಒಣಗಿದ ಬೂಟುಗಳ ಒಳಗೆ ಕೈ ಹಾಕಿ ನೋಡಿ ಕೊಟ್ಟಳು.

"ಬೇಡ ಅನ್ಸಿದ್ರೆ ವಾಪಸ್ ತಂದು ಒರಗಿಸು. ಗೀರು ಬಿದ್ದಿದ್ರೂ ನಂಗೆ ಕಾಣ್ಸಲ್ಲ. ನನ್ ಕನ್ನಡಕ ಹಳೇದು."

ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಕೆರೆಯುವ ಕೆಲಸ ಮುಗಿಯಿತು. ಹಿಮ ರಸ್ಕಿನ ಹಾಗೆ ಗಟ್ಟಿಯಾಗಿತ್ತು. ತಂಡದ ಗುಡಿಸಲಿನ ಹಿಂದಿನಿಂದ ಫಿನಿ ಬೂದು ಬೋರ್ಡನ್ನು ತಂದಾಗ ಐದೂ ಜನ ನೋಡಿದರು.

"ಬಾಗಿಲೆಲ್ಲಿ?" ಎಂದ ಕೊರ್ಬಿನಿಯನ್.

"ಮನೇಲಿ. ಸೌದೆ ಕೋಣೆಗೆ ಬೇಕಿತ್ತು."

ಅವಳು ಬೂಟು ಬಿಗಿಯಲು ಕೂತಳು. ಬಲಗಾಲು ಮುಂದೆ. ಅದನ್ನು ಅವರು ಗಮನಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಪಟ್ಟಿಯನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದಳು. ಆಗ ಕೊರ್ಬಿನಿಯನ್ ಜೋರಾಗಿ, "ಎಲ್ರೂ ಇಲ್ಲಿ ಬನ್ನಿ. ಈ ದಿಬ್ಬದ ಅಂಚು ಯಾಕೋ ಸೊಟ್ಟ ಇದೆ," ಎಂದ. ಐದು ಜನರೂ ಅವಳಿಗೆ ಬೆನ್ನು ಹಾಕಿ ಬಗ್ಗಿ ನಿಂತರು. ಆ ಅಂಚನ್ನು ತಿದ್ದಿದವಳು ಫಿನಿ. ಅದು ದಾರ ಹಿಡಿದಷ್ಟು ನೇರವಾಗಿತ್ತು.

ಅವಳು ಹೊರಟಳು. ದಿಬ್ಬಗಳ ಕಡೆಗಲ್ಲ, ಮಕ್ಕಳು ಕಲಿಯುವ ಎಲ್ಲಕ್ಕಿಂತ ಕೆಳಗಿನ ಪೆಟ್ಟಿಗೆಯ ಕಡೆಗೆ. ಬಲಗಾಲು ಮುಂದಿಟ್ಟಾಗ ಲೋಕವೆಲ್ಲ ಕನ್ನಡಿಯಲ್ಲಿ ಕಂಡ ಹಾಗಿತ್ತು. ಬೋರ್ಡು ಪೆಟ್ಟಿಗೆಯ ಮೇಲೆ ಹತ್ತಿ ಸದ್ದಿಲ್ಲದೆ ಜಾರಿತು. ಒಂದು ಮೀಟರು, ಎರಡು, ಮೂರು, ನಾಲ್ಕು. ಕೊನೆಯವರೆಗೂ ಬೀಳಲಿಲ್ಲ. ಪೆಟ್ಟಿಗೆ ಇಳಿದು ಸಮತಟ್ಟಿಗೆ ಬಂದ ಮೇಲೆ ಹಳೆಯ ಅಭ್ಯಾಸದಿಂದ ಎಡಗಾಲನ್ನು ಮುಂದಕ್ಕೆ ತಿರುಗಿಸಲು ಹೋಗಿ, ನಿಂತ ಜಾಗದಲ್ಲೇ ಕುಕ್ಕರಿಸಿ ಬಿದ್ದಳು.

ಮಂಡಿ ನೋಯಲಿಲ್ಲ. ಬಲತೊಡೆ ಮಾತ್ರ ನಡುಗುತ್ತಿತ್ತು. ಅವಳು ಅದನ್ನು, ಹಾಲು ಕರೆದಾದ ಮೇಲೆ ಹಸುವಿನ ಬೆನ್ನು ತಟ್ಟುವ ಹಾಗೆ, ಎರಡು ಸಲ ತಟ್ಟಿದಳು.

"ನೋಡಿದ್ರಾ?" ಎಂದು ಮೇಲಕ್ಕೆ ಕೂಗಿದಳು.

"ಏನನ್ನ?" ಎಂದ ಕೊರ್ಬಿನಿಯನ್, ತಿರುಗಿ ನೋಡದೆ. "ಈ ಅಂಚು ಇನ್ನೂ ಸೊಟ್ಟ ಇದೆ."

"ಕೊರ್ಬಿನಿಯನ್, ನನ್ ಹೆಸರು ಕೊನೇಲಿ ಹಾಕ್ಬೇಡ."

"ಹಾಕಲ್ಲ. ಆದ್ರೆ ದಾರಿ ಬಿಡೇ ಮಾರಾಯ್ತಿ. ನೀನು ಏಳೋವರೆಗೂ ನಾವು ಯಾರೂ ಹೋಗೋ ಹಾಗಿಲ್ಲ, ಇಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಯ್ತು."

ಫಿನಿ ಏಳಲು ನೋಡಿದಳು, ಆಗಲಿಲ್ಲ. ಇನ್ನೊಂದು ಸಲ ನೋಡಿದಳು. ಆಮೇಲೆ ಎದ್ದಳು.