ಮೆತ್ತಗಾದ ಚರ್ಮ

"ಇಲ್ಲಿ ನೋಡಿ ಸರ್, ಹೀಗೆ ಮಡಚ್ಕೊಳ್ಳುತ್ತೆ," ಎಂದು ತರಬೇತುದಾರ ಪಿಸ್ತೂಲು ಇಡುವ ಹೋಲ್‌ಸ್ಟರಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಎಂಟು ವರ್ಷ ಕಾವಲುಗಾರರ ಸೊಂಟದ ಬೆವರು ಕುಡಿದ ಚರ್ಮ ಒದ್ದೆ ಬಟ್ಟೆಯಂತೆ ಒಳಕ್ಕೆ ಬಾಗಿತು. "ಪಿಸ್ತೂಲನ್ನ ಒಳಗೆ ತಳ್ಳುವಾಗ ಈ ಮಡಿಕೆ ಟ್ರಿಗರಿಗೆ ಸಿಕ್ಕುತ್ತೆ. ಬೆರಳೇ ಬೇಡ. ಚರ್ಮಾನೇ ಒತ್ತುತ್ತೆ."

ಮ್ಯಾನೇಜರ್ ನೋಡಲಿಲ್ಲ. ಕನ್ನಡಕ ಒರೆಸುತ್ತಿದ್ದ.

"ಕಾಫಿ ಹೇಳ್ಲಾ?"

"ಮೂರು ಪತ್ರ ಬರೆದಿದ್ದೆ ಸರ್. ಟ್ರಿಗರ್ ಪೂರ್ತಿ ಮುಚ್ಚೋ ಅಂಥದ್ದು, ಗಟ್ಟಿಯಾಗಿರೋದು ತರಿಸಿ ಅಂತ."

"ಪತ್ರ ಎಲ್ರೂ ಬರೀತಾರೆ. ಗುಂಡು ತಗುಲಿಸ್ಕೊಂಡ ಆ ಕಾವಲುಗಾರನಿಗೆ ತರಬೇತಿ ಕೊಟ್ಟಿದ್ರೋ ಇಲ್ವೋ, ಅದು ಹೇಳಿ."

"ಕೊಟ್ಟಿದ್ದೆ."

"ಅಷ್ಟೇ ಇರೋದು ಇದ್ರಲ್ಲಿ." ಮ್ಯಾನೇಜರ್ ಹಾಳೆಯೊಂದನ್ನು ಮುಂದಕ್ಕೆ ಸರಿಸಿದ.

ಅಷ್ಟೇ ಇರಲಿಲ್ಲ. ಸೂಕ್ತ ತರಬೇತಿ ನೀಡಲಾಗಿತ್ತು ಎಂಬುದು ಮೊದಲ ವಾಕ್ಯ, ಅದು ನಿಜ. ಸದರಿ ಕಾವಲುಗಾರ ಸ್ವಂತ ಅಜಾಗರೂಕತೆಯಿಂದ ತೊಡೆಗೆ ಗುಂಡು ಹಾರಿಸಿಕೊಂಡಿದ್ದಾನೆ ಎಂಬುದು ಎರಡನೆಯದು. ಟಿಕೆಟ್ ಇದ್ದವನ ಬೆನ್ನಿಗಂಟಿಕೊಂಡು ಟಿಕೆಟ್ ಇಲ್ಲದವನು ನುಸುಳುವಂತೆ ಅದು ಮೊದಲನೆಯದರ ಹಿಂದೆ ಬಂದು ಕೂತಿತ್ತು.

"ನೀವು ಸಹಿ ಮಾಡ್ದಿದ್ರೆ, ತರಬೇತೀನೇ ಸರಿ ಇರ್ಲಿಲ್ಲ ಅಂತ ಬರೀಬೇಕಾಗುತ್ತೆ. ಯೋಚ್ನೆ ಮಾಡಿ," ಎಂದ ಮ್ಯಾನೇಜರ್, ತುಂಬ ಸ್ನೇಹದಿಂದ.

ಅವನು ಯೋಚನೆ ಮಾಡಿದ. ಭೌತಶಾಸ್ತ್ರ ಓದಿ, ಕಾಲೇಜಿನಲ್ಲಿ ಪಾಠ ಹೇಳಬೇಕೆಂದಿದ್ದವನು. ಈ ಭದ್ರತಾ ಕಂಪನಿಯ ಕಾವಲುಗಾರರಿಗೆ ಪಿಸ್ತೂಲು ಕಲಿಸುತ್ತ ಹನ್ನೊಂದು ವರ್ಷ ಸವೆಸಿದ್ದ. ಅವರು ಮಾಸ್ಟರ್ ಎಂದು ಕರೆದಾಗಲೆಲ್ಲ ಬೆನ್ನ ಹಿಂದೆ ಯಾರೋ ನಕ್ಕಂತಾಗುತ್ತಿತ್ತು. ಸಿಟ್ಟಿನ ಭರದಲ್ಲಿ ಪೆನ್ನು ಕಿತ್ತುಕೊಂಡು ಸಹಿ ಮಾಡಿದ. ಒತ್ತಿದ ರಭಸಕ್ಕೆ ಹಾಳೆ ಹರಿಯಿತು.

"ಪರವಾಗಿಲ್ಲ," ಎಂದು ಮ್ಯಾನೇಜರ್ ಡ್ರಾಯರ್ ಎಳೆದ. "ಇನ್ನೊಂದು ಪ್ರತಿ ಇದೆ."

ಎರಡನೆಯ ಸಲ ಅವನು ಅಂದವಾಗಿ ಸಹಿ ಮಾಡಿದ.

ಮಧ್ಯಾಹ್ನ ಆಸ್ಪತ್ರೆಗೆ ಹೋದ. ಎಲ್ಲರೂ ಉದ್ದಣ್ಣ ಎಂದು ಕರೆಯುತ್ತಿದ್ದ ಆ ಕಾವಲುಗಾರನಿಗೆ ಮಂಚ ಸಾಲದೆ ಪಾದಗಳು ಕಂಬಿಯ ಆಚೆ ಚಾಚಿದ್ದವು. ತೊಡೆಯ ಬ್ಯಾಂಡೇಜು ದಿಂಬಿನಷ್ಟು ದಪ್ಪವಿತ್ತು. ಪಕ್ಕದ ಸ್ಟೂಲಿನ ಮೇಲೆ ಅವನ ಅಕ್ಕ ಕೂತಿದ್ದಳು.

"ಏಳ್ಬೇಡಿ," ಎಂದ ತರಬೇತುದಾರ.

"ಏಳಕ್ಕಾಗಲ್ಲ ಮಾಸ್ಟರ್," ಎಂದು ಉದ್ದಣ್ಣ ನಕ್ಕ. ನಗು ಅರ್ಧಕ್ಕೇ ನಿಂತಿತು. "ನೀವು ಹೇಳ್ಕೊಟ್ಟ ಹಾಗೇ ಮಾಡ್ದೆ. ಅಂಗಿ ಅಂಚು ಪಕ್ಕಕ್ಕೆ ಸರಿಸ್ದೆ. ಬೆರಳು ಹೊರಗೇ ಇತ್ತು. ಕಣ್ಣಾರೆ ನೋಡ್ಕೊಂಡು, ನಿಧಾನಕ್ಕೇ ಇಟ್ಟೆ. ಎಲ್ಲಿ ತಪ್ಪಿದೆ, ಹೇಳಿ. ಮುಂದಿನ ಸಲ ಸರಿ ಮಾಡ್ಕೋತೀನಿ."

"ಮುಂದಿನ ಸಲವಂತೆ!" ಅಕ್ಕ ಸಿಡಿದಳು. "ಕಾಲು ಉಳಿಯುತ್ತೋ ಇಲ್ವೋ ಅಂತ ಡಾಕ್ಟ್ರು ಬಾಯಿ ಬಿಡ್ತಿಲ್ಲ. ಸರ್, ನಿಮ್ಮ ಕಂಪನಿಯವ್ರು ಬಂದು ಇವನದ್ದೇ ತಪ್ಪು ಅಂದ್ಬಿಟ್ಟು ಹೋದ್ರು. ಹೌದಾ? ನೀವೇ ಕಲಿಸಿದವ್ರು. ನೀವು ಹೇಳಿದ್ರೆ ನಂಬ್ತೀನಿ."

ಅವಳ ಕಣ್ಣು ತನ್ನ ಮುಖದ ಮೇಲೆ ನೆಟ್ಟಿರುವುದು ಅವನಿಗೆ ಗೊತ್ತಾಯಿತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಚರ್ಮ ಎಂಬ ಒಂದೇ ಮಾತು.

"ಸ್ವಲ್ಪ ಆತುರ ಆಗಿರ್ಬೇಕು," ಎಂದ.

ಉದ್ದಣ್ಣ ತಲೆಯಾಡಿಸಿದ. "ಇರ್ಬಹುದು ಮಾಸ್ಟರ್. ಆತುರಾನೇ ಇರ್ಬಹುದು." ಎರಡು ದಿನದಿಂದ ಹುಡುಕುತ್ತಿದ್ದುದು ಸಿಕ್ಕವನ ಸಮಾಧಾನ ಅವನ ಮುಖದಲ್ಲಿತ್ತು. ಅಕ್ಕ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಹೊರಗೆ ಬಂದಾಗ ಅವನಿಗೆ ಮ್ಯಾನೇಜರನ ಮೇಲೆ ಸಿಟ್ಟು ಬಂತು, ಅಕ್ಕನ ಮೇಲೆ ಬಂತು. ಅಷ್ಟು ಸುಲಭವಾಗಿ ತಪ್ಪೊಪ್ಪಿಕೊಂಡ ಆ ಉದ್ದನೆಯ ಮೂರ್ಖನ ಮೇಲಂತೂ ಮೈಯೆಲ್ಲ ಉರಿಯಿತು. ಒಂದು ಸಲವಾದರೂ ಅವನು ಎದುರುತ್ತರ ಕೊಡಬಾರದಿತ್ತೇ?

ಕಂಪನಿಗೆ ಮರಳಿದಾಗ ಸಂಜೆ ಪಾಳಿಯ ಹದಿನಾಲ್ಕು ಜನ ತರಗತಿಯಲ್ಲಿ ಕಾಯುತ್ತಿದ್ದರು.

"ಗುಂಡು ತೆಗೀರಿ. ಪಿಸ್ತೂಲು ಮೇಜಿನ ಮೇಲೆ. ಹೋಲ್‌ಸ್ಟರ್ ಬಿಚ್ಚಿ ಇಲ್ಲಿ ಕೊಡಿ."

ಕೊಟ್ಟರು. ಅವನು ಡಬ್ಬ ಕತ್ತರಿಸುವ ಚಾಕು ತೆಗೆದು ಮೊದಲನೆಯದರ ಬಾಯಿಯಿಂದ ಬುಡದವರೆಗೆ ಸೀಳಿದ. ಆಮೇಲೆ ಎರಡನೆಯದು. ಯಾರೋ ಕಿಸಕ್ಕೆಂದು ನಕ್ಕು, ಅವನ ಮುಖ ನೋಡಿ ಸುಮ್ಮನಾದರು. ಹದಿನಾಲ್ಕೂ ಮುಗಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

"ಇವು ನಿಮ್ಮನ್ನ ಕೊಲ್ಲುತ್ವೆ. ತಪ್ಪು ಉದ್ದಣ್ಣನದಲ್ಲ, ಇವುಗಳದ್ದು. ಹೊಸದು ಬರೋವರೆಗೆ ಯಾರೂ ಪಿಸ್ತೂಲು ಹೊರಲ್ಲ. ಹೋಗಿ, ಮ್ಯಾನೇಜರಿಗೆ ನಾನೇ ಹೇಳ್ದೆ ಅನ್ನಿ!"

ಅವರು ಪಿಸ್ತೂಲುಗಳನ್ನು ಎತ್ತಿಕೊಂಡು ಹೋದರು. ಅವನು ಖಾಲಿ ಬೆಂಚುಗಳ ನಡುವೆ ಕೂತ. ಎಷ್ಟೋ ವರ್ಷದ ಮೇಲೆ ಉಸಿರು ಹೊಟ್ಟೆಯ ತನಕ ಇಳಿಯಿತು. ಮ್ಯಾನೇಜರ್ ಕರೆಸುತ್ತಾನೆ, ಕೂಗಾಡುತ್ತಾನೆ, ಆಗ ಎಲ್ಲವನ್ನೂ ಹೇಳಿಬಿಡುವುದು. ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ಯಾರೂ ಕರೆಯಲಿಲ್ಲ.

ಆರು ಗಂಟೆಗೆ ಕೆಳಗಿಳಿದು ಬಂದ. ಗೇಟಿನ ಬಳಿ ವ್ಯಾನು ನಿಂತಿತ್ತು. ಹದಿನಾಲ್ಕು ಜನರೂ ಹತ್ತುತ್ತಿದ್ದರು. ಕೆಲವರ ಪಿಸ್ತೂಲು ಪ್ಯಾಂಟಿನ ಜೇಬಿನಲ್ಲಿತ್ತು, ಕೆಲವರದು ಹೊಟ್ಟೆಗೂ ಬೆಲ್ಟಿಗೂ ನಡುವೆ.

"ಏನಿದು?"

"ಡ್ಯೂಟಿ ತಪ್ಪಿಸೋ ಹಾಗಿಲ್ವಂತೆ ಮಾಸ್ಟರ್," ಎಂದ ಹಿರಿಯನೊಬ್ಬ. "ಹೊಸದು ಬರೋವರ್ಗೂ ಹಿಂಗೇ ಇಟ್ಕೊಳ್ಳಿ ಅಂದ್ರು. ನಿಮ್ಮ ಮೇಲೇನೂ ಕೋಪ ಮಾಡ್ಕೊಳ್ಲಿಲ್ಲ."

"ಗುಂಡು?"

"ತುಂಬಿದೆ."

ಒಬ್ಬೊಬ್ಬರಾಗಿ ಸಲ್ಯೂಟ್ ಹೊಡೆದು ಹತ್ತಿದರು. ಕೊನೆಯವನ ಬೂಟಿನ ದಾರ ಬಿಚ್ಚಿಹೋಗಿತ್ತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಬಗ್ಗಿದ. ಬೆಲ್ಟಿನಲ್ಲಿದ್ದ ಪಿಸ್ತೂಲು ಅವನದೇ ತೊಡೆಸಂದಿಗೆ ಮುಖ ಮಾಡಿ ಓರೆಯಾಯಿತು; ಅಂಗಿಯ ಅಂಚು ಟ್ರಿಗರಿನ ಸುತ್ತ ಸುತ್ತಿಕೊಂಡಿತು.

ಕೂಗಲು ತರಬೇತುದಾರ ಬಾಯಿ ತೆರೆದ. ಕೂಗಿದರೆ ಬೆಚ್ಚಿಬಿಡುತ್ತಾನೆ. ತೆರೆದ ಬಾಯಿ ತೆರೆದೇ ಇತ್ತು. ಕಾವಲುಗಾರ, ಮಾಸ್ಟರ್ ನೋಡುತ್ತಿದ್ದಾರೆಂಬ ಮರ್ಯಾದೆಗೆ, ಆಗಷ್ಟೇ ಕಟ್ಟಿದ ದಾರವನ್ನು ಬಿಚ್ಚಿ ಇನ್ನೊಮ್ಮೆ, ಮೊದಲಿನಿಂದ, ಒಪ್ಪವಾಗಿ ಕಟ್ಟತೊಡಗಿದ.